ರಾತ್ರಿ ಹನ್ನೊಂದರ ಮೇಲೆ ನಾಯಿ ಚಾಕೊಲೇಟ್ ತಿಂದರೆ ಎಲ್ಲಿಗೆ ಓಡುವುದು? ಡೊಂಬಿವಲಿ, ಕಲ್ಯಾಣ್, ಥಾಣೆಯಲ್ಲಿ ಉತ್ತರ ಸಿಗದ ಪ್ರಶ್ನೆ

ದೀಪಾವಳಿ ಮುಗಿದ ಎರಡನೇ ರಾತ್ರಿ. ನೈಟ್ ಶಿಫ್ಟ್‌ನಲ್ಲಿ ಕುಳಿತು ಮಳೆ ಮುನ್ಸೂಚನೆಯ ಸುದ್ದಿಗೆ ತಲೆಬರಹ ಹುಡುಕುತ್ತಿದ್ದಾಗ ಡೊಂಬಿವಲಿಯಿಂದ ಚಿಕ್ಕಮ್ಮನ ಫೋನ್ ಬಂತು. ಗಂಟೆ 11.40.

"ಇಡೀ ಡಬ್ಬಿ ಚಾಕ್ಲೇಟ್ ಖಾಲಿ ಮಾಡಿದೆ ಮಾರಾಯ್ತಿ ಇದು. ಎಂತ ಮಾಡುದು ಈಗ?"

'ಇದು' ಎಂದರೆ ಅವರ ನಾಯಿ ಬೊಗ್ಗ. ಬೀದಿಯಿಂದ ಮನೆಗೆ ಬಂದು ಐದು ವರ್ಷವಾದ, 12 ಕೆ.ಜಿ. ತೂಗುವ ನಾಯಿ. ಪಕ್ಕದ ಫ್ಲಾಟ್‌ನವರು ಹಬ್ಬಕ್ಕೆ ಕೊಟ್ಟಿದ್ದ, ಮನೆಯಲ್ಲೇ ತಯಾರಿಸಿದ ಡಾರ್ಕ್ ಚಾಕೊಲೇಟ್ ಡಬ್ಬಿ ಟೀಪಾಯಿ ಮೇಲಿತ್ತು. ಚಿಕ್ಕಮ್ಮ ಅಡುಗೆಮನೆ ತೊಳೆದು ಬರುವಷ್ಟರಲ್ಲಿ ಕಾಗದ ಸಮೇತ ಮಾಯ. ತಿಂದು ಮುಕ್ಕಾಲು ಗಂಟೆಯಾಗಿರಬಹುದು ಎಂಬುದು ಅವರ ಅಂದಾಜು. ನಾಯಿ ಆರಾಮಾಗಿ ಬಾಲ ಆಡಿಸುತ್ತಿತ್ತು. ಹಾಗಾಗಿ ಚಿಕ್ಕಪ್ಪ "ಏನೂ ಆಗುದಿಲ್ಲ, ಬೆಳಿಗ್ಗೆ ನೋಡುವ" ಎನ್ನುತ್ತಿದ್ದರು.

ಮುಂದಿನ ಒಂದೂವರೆ ಗಂಟೆ ನಡೆದದ್ದು ಇಷ್ಟು. ಮಾಮೂಲಿ ಪಶುವೈದ್ಯರ ಫೋನ್ ಸ್ವಿಚ್ ಆಫ್. ಮೊಬೈಲ್ ನಕ್ಷೆಯಲ್ಲಿ '24 ಗಂಟೆ ತೆರೆದಿರುತ್ತದೆ' ಎಂದು ತೋರಿಸುವ ಮೂರು ಕ್ಲಿನಿಕ್‌ಗಳಿಗೆ ನಾನು ಬೆಂಗಳೂರಿನಿಂದಲೇ ಕರೆ ಮಾಡಿದೆ. ಒಂದು ಕಡೆ ರಿಂಗಾಗಿ ನಿಂತಿತು. ಇನ್ನೊಂದು ಕಡೆ ಕಾವಲುಗಾರ ಎತ್ತಿ "ಡಾಕ್ಟರ್ ಸಕಾಳೀ ಯೇತೀಲ್" ಎಂದ, ಬೆಳಿಗ್ಗೆ ಬರುತ್ತಾರಂತೆ. ಮೂರನೆಯದು ಸಾಕುಪ್ರಾಣಿಗಳ ಆಹಾರ ಮಾರುವ ಅಂಗಡಿ. ಅಷ್ಟರಲ್ಲಿ ಅಪಾರ್ಟ್‌ಮೆಂಟ್‌ನ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಉಪ್ಪುನೀರು ಕುಡಿಸಿ ಎಂದರು, ಇನ್ಯಾರೋ ಮೊಸರು ಎಂದರು. ಕೊನೆಗೆ ಥಾಣೆಯ ಒಂದು ಕ್ಲಿನಿಕ್‌ನಲ್ಲಿ ರಾತ್ರಿ ವೈದ್ಯರಿದ್ದಾರೆ ಎಂದು ಗೊತ್ತಾಯಿತು. ಎರಡು ಆಟೋದವರು ನಾಯಿ ನೋಡಿ ಹೊರಟುಹೋದರು. ಮೂರನೆಯವನು ಮೀಟರಿನ ಎರಡು ಪಟ್ಟು ಕೇಳಿ ಹತ್ತಿಸಿಕೊಂಡ. ಕ್ಲಿನಿಕ್ ಬಾಗಿಲು ತಲುಪಿದಾಗ 1.10. ಬೊಗ್ಗನ ಹಿಂಗಾಲು ಆಗಲೇ ನಡುಗಲು ಶುರುವಾಗಿತ್ತು.

ಬೊಗ್ಗ ಬದುಕಿದೆ. ಆದರೆ ಆ ರಾತ್ರಿಯ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಅಲ್ಲಿ ಕೊರತೆಯಾಗಿದ್ದು ಔಷಧವಲ್ಲ, ದುಡ್ಡೂ ಅಲ್ಲ. ಯಾವ ಬಾಗಿಲು ತೆರೆದಿದೆ ಎಂಬ ಮಾಹಿತಿ, ಅಲ್ಲಿಗೆ ಮುಟ್ಟಲು ಬೇಕಾದ ಸಮಯ, ಇವೆರಡೇ ಕೊರತೆ. ಥಾಣೆ, ಕಲ್ಯಾಣ್-ಡೊಂಬಿವಲಿ, ನವಿ ಮುಂಬೈ ಈ ಮೂರು ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ 2011ರ ಜನಗಣತಿ ಪ್ರಕಾರವೇ 40 ಲಕ್ಷಕ್ಕೂ ಹೆಚ್ಚು ಜನರಿದ್ದರು. ಆ ನಂತರ ಎದ್ದ ಟವರ್‌ಗಳನ್ನು ನೋಡಿದವರಿಗೆ ಈಗಿನ ಸಂಖ್ಯೆ ಎಷ್ಟಿರಬಹುದೆಂದು ಹೇಳಬೇಕಾಗಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ರಾತ್ರಿ ಹೊತ್ತು ಸಾಕುನಾಯಿಗೆ ವಿಷವೇರಿದರೆ ಹೊಣೆ ಯಾರದು?

ಚಾಕೊಲೇಟ್ ವಿಷವಾಗುವುದು ಹೇಗೆ?

ಚಾಕೊಲೇಟ್‌ನಲ್ಲಿ ಸಕ್ಕರೆ, ಕೊಬ್ಬಿನ ಜೊತೆಗೆ ಥಿಯೋಬ್ರೋಮಿನ್ ಎಂಬ ರಾಸಾಯನಿಕವಿದೆ. ಕಾಫಿಯ ಕೆಫೀನ್‌ಗೆ ಇದು ಹತ್ತಿರದ ಸಂಬಂಧಿ, ಸ್ವಲ್ಪ ಪ್ರಮಾಣದಲ್ಲಿ ಕೆಫೀನ್ ಕೂಡ ಜೊತೆಗಿರುತ್ತದೆ. ಮನುಷ್ಯನ ದೇಹ ಥಿಯೋಬ್ರೋಮಿನ್‌ನ ಅರ್ಧ ಭಾಗವನ್ನು 6ರಿಂದ 10 ಗಂಟೆಯೊಳಗೆ ಕರಗಿಸಿಬಿಡುತ್ತದೆ. ನಾಯಿಗೆ ಅಷ್ಟೇ ಕೆಲಸಕ್ಕೆ 17 ಗಂಟೆಗೂ ಹೆಚ್ಚು ಬೇಕು. ಅಂದರೆ ರಾತ್ರಿ ತಿಂದದ್ದರಲ್ಲಿ ಅರ್ಧ ಮರುದಿನ ಸಂಜೆಯವರೆಗೂ ರಕ್ತದಲ್ಲಿ ಸುತ್ತುತ್ತಿರುತ್ತದೆ. ಅಷ್ಟು ಹೊತ್ತೂ ಹೃದಯವನ್ನು, ನರಗಳನ್ನು ಅದು ಕೆರಳಿಸುತ್ತಲೇ ಇರುತ್ತದೆ.

ಎಷ್ಟು ತಿಂದರೆ ಅಪಾಯ ಎಂಬುದಕ್ಕೆ ಪಶುವೈದ್ಯರು ಬಳಸುವ ಲೆಕ್ಕವೊಂದಿದೆ. ನಾಯಿಯ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ಆಸುಪಾಸು ಹೋದರೆ ವಾಂತಿ, ಭೇದಿ, ವಿಪರೀತ ದಾಹ, ಚಡಪಡಿಕೆ. 40ರಿಂದ 50 ಮಿಲಿಗ್ರಾಂ ತಲುಪಿದರೆ ಹೃದಯ ಬಡಿತ ತಾಳ ತಪ್ಪುತ್ತದೆ. 60 ದಾಟಿದರೆ ಫಿಟ್ಸ್ ಬರಬಹುದು. ಹಾಲಿನ ಚಾಕೊಲೇಟ್‌ನಲ್ಲಿ ಗ್ರಾಂಗೆ ಸುಮಾರು 2 ಮಿಲಿಗ್ರಾಂ ಥಿಯೋಬ್ರೋಮಿನ್ ಇದ್ದರೆ ಡಾರ್ಕ್‌ನಲ್ಲಿ 5ಕ್ಕಿಂತ ಹೆಚ್ಚು. ಕೇಕಿಗೆ ಬಳಸುವ ಸಿಹಿಯಿಲ್ಲದ ಚಾಕೊಲೇಟ್‌ನಲ್ಲಿ 15ರ ಹತ್ತಿರ, ಕೋಕೋ ಪುಡಿಯಲ್ಲಿ 20ಕ್ಕೂ ಮೇಲೆ. ಬಿಳಿ ಚಾಕೊಲೇಟ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಬೊಗ್ಗನ ವಿಷಯಕ್ಕೆ ಬರೋಣ. 12 ಕೆ.ಜಿ. ನಾಯಿ 100 ಗ್ರಾಂ ಹಾಲಿನ ಚಾಕೊಲೇಟ್ ತಿಂದಿದ್ದರೆ ಕಿಲೋಗೆ ಸುಮಾರು 18 ಮಿಲಿಗ್ರಾಂ, ಹೊಟ್ಟೆ ಕೆಟ್ಟು ಒಂದು ರಾತ್ರಿ ನಿದ್ದೆಗೆಡುತ್ತಿತ್ತು. ಅಷ್ಟೇ ಡಾರ್ಕ್ ತಿಂದರೆ 45 ಮಿಲಿಗ್ರಾಂ, ಹೃದಯಕ್ಕೆ ತಟ್ಟುವ ಮಟ್ಟ. ಅದೇ ಡಬ್ಬಿಯನ್ನು 30 ಕಿಲೋದ ಲ್ಯಾಬ್ರಡಾರ್ ತಿಂದಿದ್ದರೆ ಆತಂಕ ಅರ್ಧಕ್ಕೂ ಕಡಿಮೆ. 3 ಕಿಲೋದ ಪೊಮೇರಿಯನ್ ತಿಂದಿದ್ದರೆ ಬದುಕುಳಿಯುವುದೇ ಕಷ್ಟ. ಹಾಗಾಗಿ 'ನಮ್ಮ ನಾಯಿ ಹಿಂದೆಯೂ ತಿಂದಿತ್ತು, ಏನೂ ಆಗಿಲ್ಲ' ಎಂಬ ಅನುಭವದ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಂದು ತಿಂದದ್ದು ಯಾವ ಚಾಕೊಲೇಟ್, ಎಷ್ಟು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮನೆಯಲ್ಲಿ ತಯಾರಿಸಿದ ಚಾಕೊಲೇಟ್ ಆದರೆ ಲೇಬಲ್ ಕೂಡ ಇರುವುದಿಲ್ಲ. ಅರ್ಧರಾತ್ರಿ ಪಕ್ಕದ ಮನೆಯ ಬಾಗಿಲು ತಟ್ಟಿ, ಹಬ್ಬದ ಉಡುಗೊರೆ ಕೊಟ್ಟವರನ್ನು "ಇದರಲ್ಲಿ ಏನು ಹಾಕಿದ್ದೀರಿ" ಎಂದು ಚಿಕ್ಕಮ್ಮ ವಿಚಾರಿಸಬೇಕಾಯಿತು.

ಇಲ್ಲಿ ಮೋಸಹೋಗುವ ಜಾಗ ಇನ್ನೊಂದಿದೆ. ಲಕ್ಷಣಗಳು ಸಾಮಾನ್ಯವಾಗಿ ಜೋರಾಗಿ ಕಾಣಿಸುವುದು ತಿಂದ 6ರಿಂದ 12 ಗಂಟೆಗಳ ನಡುವೆ, ಕೆಲವೊಮ್ಮೆ ಮೊದಲೇ. ಆದರೆ ಚಿಕಿತ್ಸೆ ಹೆಚ್ಚು ಫಲ ಕೊಡುವುದು ಮೊದಲ ಎರಡು ಗಂಟೆಯಲ್ಲಿ. ಆಗ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರೆ ವಿಷದ ಬಹುಪಾಲು ರಕ್ತಕ್ಕೆ ಸೇರುವ ಮೊದಲೇ ಹೊರಬರುತ್ತದೆ. ಚಾಕೊಲೇಟ್ ಹೊಟ್ಟೆಯಲ್ಲಿ ಉಂಡೆಕಟ್ಟಿ ಕೂರುವುದರಿಂದ ಇನ್ನಷ್ಟು ಹೊತ್ತಿನ ಮೇಲೂ ವೈದ್ಯರು ಪ್ರಯತ್ನಿಸುತ್ತಾರೆ. ಆದರೆ ನಡುಕ ಶುರುವಾದ ನಾಯಿಗೆ ವಾಂತಿ ಮಾಡಿಸುವುದೇ ಅಪಾಯ, ಅದು ಶ್ವಾಸಕೋಶಕ್ಕೆ ಹೋಗಬಹುದು. ಚಿಕ್ಕಪ್ಪನ 'ಬೆಳಿಗ್ಗೆ ನೋಡುವ' ಮಾತು ಕೇಳಲು ಸಮಾಧಾನವೆನಿಸಿದರೂ ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ.

ಈ ವಿಷಕ್ಕೆ ಪ್ರತಿಮದ್ದು ಇಲ್ಲ. ವಾಂತಿಯ ನಂತರ ಉಳಿದ ವಿಷವನ್ನು ಹೀರಲು ಆಕ್ಟಿವೇಟೆಡ್ ಚಾರ್ಕೋಲ್, ಡ್ರಿಪ್, ಹೃದಯ ಬಡಿತದ ಮೇಲೆ ನಿಗಾ, ನಡುಕ ಹೆಚ್ಚಾದರೆ ಸ್ನಾಯು ಸಡಿಲಿಸುವ ಔಷಧ, ಫಿಟ್ಸ್ ಬಂದರೆ ಡಯಾಜೆಪಾಮ್. ಥಿಯೋಬ್ರೋಮಿನ್ ಮೂತ್ರಕೋಶದ ಗೋಡೆಯಿಂದ ಮತ್ತೆ ರಕ್ತಕ್ಕೆ ಹೀರಿಕೊಳ್ಳುತ್ತದೆ ಎಂಬ ಕಾರಣಕ್ಕೆ ನಾಯಿ ಆಗಾಗ ಮೂತ್ರ ಮಾಡುವಂತೆಯೂ ನೋಡಿಕೊಳ್ಳಬೇಕು. ಇದ್ಯಾವುದೂ ದೊಡ್ಡ ಶಸ್ತ್ರಚಿಕಿತ್ಸೆಯಲ್ಲ. ಒಬ್ಬ ವೈದ್ಯ, ಒಬ್ಬ ಸಹಾಯಕ, ಒಂದು ಮೇಜು, ಒಂದಿಷ್ಟು ಔಷಧ ಸಾಕು. ಆದರೆ ಇವೆಲ್ಲ ರಾತ್ರಿ ಹನ್ನೆರಡಕ್ಕೂ ಇರಬೇಕು.

ಹಬ್ಬದ ದಿನಗಳಲ್ಲಿ ಇಂಥ ಪ್ರಕರಣ ಹೆಚ್ಚಾಗುತ್ತವೆ ಎಂಬುದಕ್ಕೆ ಬ್ರಿಟನ್ನಿನಲ್ಲಿ ದಾಖಲೆಯಿದೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಿಂದ 2017ರವರೆಗಿನ ಪಶು ಚಿಕಿತ್ಸಾಲಯಗಳ ದಾಖಲೆ ಪರಿಶೀಲಿಸಿದಾಗ, ವರ್ಷದ ಉಳಿದ ದಿನಗಳಿಗೆ ಹೋಲಿಸಿದರೆ ನಾಯಿಗಳು ಚಾಕೊಲೇಟ್ ತಿನ್ನುವ ಸಂಭವ ಕ್ರಿಸ್‌ಮಸ್ ವೇಳೆ ನಾಲ್ಕು ಪಟ್ಟು, ಈಸ್ಟರ್ ವೇಳೆ ಎರಡು ಪಟ್ಟು ಹೆಚ್ಚಿತ್ತು. ನಮ್ಮಲ್ಲಿ ದೀಪಾವಳಿಯ ಮಿಠಾಯಿ ಡಬ್ಬಿಯ ಜಾಗಕ್ಕೆ ಚಾಕೊಲೇಟ್ ಡಬ್ಬಿ ಬಂದು ಬಹಳ ಕಾಲವಾಯಿತು. 2025ರ ಸೆಪ್ಟೆಂಬರ್ 22ರಿಂದ ಚಾಕೊಲೇಟ್ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಡಬ್ಬಿಗಳು ಇನ್ನಷ್ಟು ಮನೆ ಸೇರಲಿವೆ.

ಕಲಂಬೋಲಿಗೆ ಬರಬೇಕಿದ್ದ ಆಸ್ಪತ್ರೆ

ಮುಂಬೈ ಮಹಾನಗರಕ್ಕೆ ಪ್ರಾಣಿ ಆಸ್ಪತ್ರೆ ಹೊಸದಲ್ಲ. ಪರೇಲ್‌ನಲ್ಲಿರುವ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ 19ನೇ ಶತಮಾನದ್ದು. 1886ರಲ್ಲಿ ಶುರುವಾದ ಬಾಂಬೆ ಪಶುವೈದ್ಯಕೀಯ ಕಾಲೇಜು ಕೂಡ ಅಲ್ಲೇ ಇದೆ. ಗಾಡಿ ಎಳೆಯುವ ಎತ್ತು, ಕುದುರೆಗಳ ಕಾಲದಲ್ಲಿ ಹುಟ್ಟಿದ ಸಂಸ್ಥೆಗಳಿವು. ಆಗ ಊರೆಂದರೆ ಪರೇಲ್ ಸುತ್ತಮುತ್ತಲೇ. ಈಗ ಊರು ಕಲ್ಯಾಣ್ ದಾಟಿ ಹೋಗಿದೆ. ಸಿಎಸ್‌ಎಂಟಿಯಿಂದ ರೈಲು ಹಳಿಯ ಲೆಕ್ಕದಲ್ಲಿ ಥಾಣೆ 34 ಕಿ.ಮೀ., ಡೊಂಬಿವಲಿ ಸುಮಾರು 48, ಕಲ್ಯಾಣ್ 54.

ಇತ್ತೀಚಿನ ದೊಡ್ಡ ಬೆಳವಣಿಗೆ ಎಂದರೆ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್ ಕಟ್ಟಿದ ಸಣ್ಣ ಪ್ರಾಣಿಗಳ ಆಸ್ಪತ್ರೆ. ನಾಯಿಪ್ರಿಯ ರತನ್ ಟಾಟಾ ಅವರ ಬಹುಕಾಲದ ಕನಸು. ಸುಮಾರು 165 ಕೋಟಿ ರೂಪಾಯಿ ವೆಚ್ಚದ, 200 ಪ್ರಾಣಿಗಳಿಗೆ ಜಾಗವಿರುವ ಈ 24 ಗಂಟೆಯ ಆಸ್ಪತ್ರೆ 2024ರ ಜುಲೈನಲ್ಲಿ ಕೆಲಸ ಶುರುಮಾಡಿತು. ಅದೇ ವರ್ಷ ಅಕ್ಟೋಬರ್ 9ರಂದು ಅವರು ತೀರಿಕೊಂಡರು.

ಈ ಆಸ್ಪತ್ರೆ ಮೊದಲು ಬರಬೇಕಿದ್ದುದು ನವಿ ಮುಂಬೈಯ ಕಲಂಬೋಲಿಗೆ. 2017ರಲ್ಲಿ ಮಹಾರಾಷ್ಟ್ರ ಸರ್ಕಾರದ ಜೊತೆ ಅದಕ್ಕೆ ಒಪ್ಪಂದವೂ ಆಗಿತ್ತು. ಆದರೆ ಕಾಯಿಲೆಬಿದ್ದ ಪ್ರಾಣಿಯನ್ನು ಅಷ್ಟು ದೂರ ಕರೆದುಕೊಂಡು ಹೋಗಲು ಜನರಿಗೆ ಸಮಯ ಹಿಡಿಯುತ್ತದೆ, ಊರ ನಡುವೆ ಇದ್ದರೆ ಒಳ್ಳೆಯದು ಎಂದು ಟಾಟಾ ಅವರಿಗೆ ಅನ್ನಿಸಿತು. ಯೋಜನೆ ಮಹಾಲಕ್ಷ್ಮಿಗೆ ಹೋಯಿತು.

ಪ್ರಯಾಣದ ಸಮಯವೇ ಇಲ್ಲಿ ಮುಖ್ಯ ಎಂದು ಅವರು ಗುರುತಿಸಿದ್ದು ಸರಿಯಾಗಿಯೇ ಇದೆ. ದಕ್ಷಿಣ ಮುಂಬೈ, ದಾದರ್, ಬಾಂದ್ರಾ ಕಡೆಯವರಿಗೆ ಮಹಾಲಕ್ಷ್ಮಿ ಅನುಕೂಲ, ಅದರಲ್ಲಿ ತಪ್ಪು ಹುಡುಕುವಂಥದ್ದಿಲ್ಲ. ಆದರೆ ಅದೇ ಅಳತೆಗೋಲನ್ನು ಡೊಂಬಿವಲಿಯಲ್ಲಿ ನಿಂತು ಹಿಡಿದರೆ ಉತ್ತರ ತಿರುಗಿಬೀಳುತ್ತದೆ. ಕಲಂಬೋಲಿ, ಪನ್ವೇಲ್, ಖಾರ್‌ಘರ್, ವಾಶಿ, ಡೊಂಬಿವಲಿ, ಕಲ್ಯಾಣದವರಿಗೆ ಹತ್ತಿರವಾಗಬಹುದಿದ್ದ ಬಾಗಿಲು ಅರಬ್ಬಿ ಸಮುದ್ರದ ಪಕ್ಕಕ್ಕೆ ಸರಿಯಿತು. ದಾನಿಯೊಬ್ಬರು ತಮ್ಮ ಹಣದಲ್ಲಿ ಎಲ್ಲಿ ಕಟ್ಟಬೇಕೆಂದು ನಿರ್ಧರಿಸುವುದು ಅವರ ಹಕ್ಕು. ಅದು ಹೋದ ಮೇಲೆ ಈ ಕಡೆ ಬೇರೆ ಏನು ಮಾಡಬೇಕು ಎಂದು ಸರ್ಕಾರ, ಪಾಲಿಕೆಗಳು ಯೋಚಿಸಬೇಕಿತ್ತು. ನನ್ನ ಆಕ್ಷೇಪವಿರುವುದು ಅಲ್ಲಿ.

ರಸ್ತೆಯ ಕಥೆ ಇನ್ನೂ ವಿಚಿತ್ರ. ಡೊಂಬಿವಲಿಗೂ ಥಾಣೆಗೂ ರೈಲಿನಲ್ಲಿ ಸುಮಾರು 15 ಕಿ.ಮೀ. ಮಾತ್ರ. ಬ್ರಿಟಿಷರ ಕಾಲದಲ್ಲೇ, 1916ರಲ್ಲಿ, ಪಾರ್ಸಿಕ್ ಗುಡ್ಡ ಕೊರೆದು ರೈಲಿಗೆ ಸುರಂಗ ಮಾಡಿದ್ದರು. ರಸ್ತೆಗೆ ಆ ಭಾಗ್ಯವಿಲ್ಲ. ಶಿಳ್‌ಫಾಟಾ, ಮುಂಬ್ರಾ ಬೈಪಾಸ್ ಸುತ್ತಿಕೊಂಡು ಹೋಗಬೇಕು. ಇಲ್ಲವೇ ಉಲ್ಹಾಸ್ ನದಿ ದಾಟಿ ಮಾಣಕೋಲಿ ಸೇತುವೆ ಮೂಲಕ ನಾಸಿಕ್ ಹೆದ್ದಾರಿ ಹಿಡಿಯಬೇಕು. ರಾತ್ರಿ ಹೊತ್ತು ರಸ್ತೆ ಖಾಲಿ ಎಂದುಕೊಂಡರೆ ತಪ್ಪು. ಜೆಎನ್‌ಪಿಟಿ ಬಂದರಿನಿಂದ ಭಿವಂಡಿ ಗೋದಾಮುಗಳ ಕಡೆ ಹೊರಟ ಕಂಟೇನರ್ ಲಾರಿಗಳ ಸಾಲು ಶಿಳ್‌ಫಾಟಾದಲ್ಲಿ ಸಿಗುತ್ತದೆ. ಮನುಷ್ಯರಿಗಾದರೆ ಸೈರನ್ ಹಾಕಿದ ಆಂಬುಲೆನ್ಸ್ ಇದೆ, 108 ಇದೆ. ನಡುಗುವ ನಾಯಿಯನ್ನು ಮಡಿಲಲ್ಲಿಟ್ಟುಕೊಂಡವರಿಗೆ ಇರುವುದು ಆಟೋದವನ ಮರ್ಜಿ.

ತೆರಿಗೆ ಹಾಕಲು ಅಧಿಕಾರವಿದೆ, ಚಿಕಿತ್ಸೆ ಕೊಡಲು ಕರ್ತವ್ಯವಿಲ್ಲ

ಈ ಕೊರತೆಗೆ ಅಧಿಕಾರಿಗಳ ಸೋಮಾರಿತನವೊಂದೇ ಕಾರಣವಲ್ಲ. ನಮ್ಮ ಕಾನೂನುಗಳ ಬೇರಿನಲ್ಲೇ ಅದು ಇದೆ.

ಸಂವಿಧಾನದ ರಾಜ್ಯ ಪಟ್ಟಿಯ 15ನೇ ವಿಷಯದಲ್ಲಿ ಪಶುವೈದ್ಯ ವೃತ್ತಿ ಬರುತ್ತದೆ, ಅಂದರೆ ಇದು ರಾಜ್ಯಗಳ ಹೊಣೆ. ಅದನ್ನು ಸ್ಥಳೀಯ ಸಂಸ್ಥೆಗಳಿಗೆ ಹಂಚುವಾಗ ಒಂದು ವ್ಯತ್ಯಾಸವಾಯಿತು. ಪಂಚಾಯತಿಗಳಿಗೆ ವಹಿಸಬಹುದಾದ ಕೆಲಸಗಳ 11ನೇ ಅನುಸೂಚಿಯಲ್ಲಿ 'ಪಶುಸಂಗೋಪನೆ, ಹೈನುಗಾರಿಕೆ, ಕೋಳಿ ಸಾಕಣೆ' ಇದೆ. ನಗರಗಳಿಗೆ ಸಂಬಂಧಿಸಿದ 12ನೇ ಅನುಸೂಚಿಯಲ್ಲಿ ಇರುವುದು 'ದನದ ದೊಡ್ಡಿ ಮತ್ತು ಪ್ರಾಣಿ ಹಿಂಸೆ ತಡೆ' ಮಾತ್ರ. ಹಳ್ಳಿಯಲ್ಲಿ ಪ್ರಾಣಿ ಎಂದರೆ ಆಸ್ತಿ, ಅದನ್ನು ಬೆಳೆಸಬೇಕು. ನಗರದಲ್ಲಿ ಪ್ರಾಣಿ ಎಂದರೆ ಉಪದ್ರವ, ಅದನ್ನು ಹಿಡಿದು ದೊಡ್ಡಿಗೆ ಹಾಕಬೇಕು ಅಥವಾ ಯಾರೂ ಹೊಡೆಯದಂತೆ ನೋಡಿಕೊಳ್ಳಬೇಕು. ಸೋಫಾ ಮೇಲೆ ಮಲಗುವ ನಾಯಿ ಈ ಎರಡೂ ಕಲ್ಪನೆಗೆ ಹೊರಗೆ.

ಕೇಂದ್ರ ಸರ್ಕಾರದ ಸಂಚಾರಿ ಪಶುವೈದ್ಯ ಘಟಕ ಯೋಜನೆಯನ್ನೇ ನೋಡಿ. 1962 ಸಂಖ್ಯೆಗೆ ಕರೆ ಮಾಡಿದರೆ ವಾಹನ ಮನೆ ಬಾಗಿಲಿಗೆ ಬರುತ್ತದೆ. ಕರ್ನಾಟಕದ ರೈತರಿಗೆ ಇದು 'ಪಶು ಸಂಜೀವಿನಿ' ಹೆಸರಿನಲ್ಲಿ ಪರಿಚಿತ. ಒಳ್ಳೆಯ ಯೋಜನೆ. ಆದರೆ ವಾಹನ ಹಂಚಿಕೆಯ ಲೆಕ್ಕ ಒಂದು ಲಕ್ಷ ಜಾನುವಾರಿಗೆ ಒಂದು. 2019ರ ಜಾನುವಾರು ಗಣತಿ ಹೇಳುವ 53 ಕೋಟಿಗೂ ಹೆಚ್ಚಿನ ಜಾನುವಾರುಗಳ ಮೊತ್ತದಲ್ಲಿ ದನ, ಎಮ್ಮೆ, ಕುರಿ, ಮೇಕೆ, ಹಂದಿ, ಕುದುರೆ, ಒಂಟೆ ಇವೆ, ನಾಯಿ ಇಲ್ಲ. ಡೊಂಬಿವಲಿಯಲ್ಲಿ ಎಷ್ಟು ಸಾವಿರ ನಾಯಿ ಸಾಕಿದರೂ ಈ ಸೂತ್ರದಲ್ಲಿ ಒಂದು ವಾಹನವೂ ಹೆಚ್ಚಾಗುವುದಿಲ್ಲ.

ಇನ್ನೊಂದು ಕಡೆ, ಮಹಾರಾಷ್ಟ್ರ ಮಹಾನಗರ ಪಾಲಿಕೆ ಕಾಯ್ದೆ (1949) ನಾಯಿಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಪಾಲಿಕೆಗೆ ಕೊಟ್ಟಿದೆ. ತೆರಿಗೆ ವಸೂಲಿಗೆ ನಾಯಿ ಕಾಣುತ್ತದೆ, ತುರ್ತು ಚಿಕಿತ್ಸೆಯ ಪ್ರಶ್ನೆ ಬಂದಾಗ ಕಾಣುವುದಿಲ್ಲ.

2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದಾಗಿನಿಂದ ನಾಯಿಗಳ ಕುರಿತ ಚರ್ಚೆ ದೇಶವಿಡೀ ಕಾವೇರಿದೆ. 11ರಂದು ಎಲ್ಲ ನಾಯಿಗಳನ್ನೂ ಆಶ್ರಯತಾಣಕ್ಕೆ ಸೇರಿಸಿ ಎಂದ ಕೋರ್ಟ್, 22ರಂದು ಸಂತಾನಹರಣ ಮಾಡಿ, ಲಸಿಕೆ ಹಾಕಿ ಬಿಡಿ ಎಂದು ತಿದ್ದಿತು. ನಮ್ಮ ಡೆಸ್ಕ್‌ನಲ್ಲೂ ದಿನಕ್ಕೆ ನಾಲ್ಕೈದು ಸುದ್ದಿ ಅದರದ್ದೇ. ಆ ಗದ್ದಲದಲ್ಲಿ ಪಾಲಿಕೆಯ ಪಶುವೈದ್ಯ ವಿಭಾಗ ಎಂದರೆ ನಾಯಿ ಹಿಡಿಯುವ ವ್ಯಾನ್, ಸಂತಾನಹರಣ ಕೇಂದ್ರ ಎಂಬಷ್ಟಕ್ಕೆ ಜನರ ತಿಳಿವಳಿಕೆ ನಿಂತಿದೆ. ರಸ್ತೆಯಲ್ಲಿ ಗಾಡಿ ಹಾಯ್ದು ಬಿದ್ದ ಬೀದಿನಾಯಿಗೂ ರಾತ್ರಿ ಹೊತ್ತು ಬೇಕಾಗುವುದು ಬೊಗ್ಗನಿಗೆ ಬೇಕಾದ ಅದೇ ಮೇಜು, ಅದೇ ವೈದ್ಯರು. ಸಾಕುನಾಯಿ, ಬೀದಿನಾಯಿ ಎಂಬ ಪಂಗಡ ಕಟ್ಟಿಕೊಂಡು ಜಗಳವಾಡುವವರು ಗಮನಿಸದ ಸಂಗತಿಯಿದು.

ಮನುಷ್ಯರು ಬಡವರಾಗಿ ಆಸ್ಪತ್ರೆ ಬಾಗಿಲಲ್ಲಿ ಸಾಯುವ ದೇಶದಲ್ಲಿ ನಾಯಿಗೆ ರಾತ್ರಿ ವೈದ್ಯರು ಬೇಕೇ ಎಂಬ ಪ್ರಶ್ನೆ ಓದುಗರಲ್ಲಿ ಎದ್ದಿರಬಹುದು. ನನ್ನಲ್ಲೂ ಎದ್ದಿತ್ತು. ಆ ಪ್ರಶ್ನೆಗೆ ತೂಕವಿದೆ. 165 ಕೋಟಿಯ ಆಸ್ಪತ್ರೆಯನ್ನು ಪಾಲಿಕೆ ತೆರಿಗೆ ಹಣದಲ್ಲಿ ಕಟ್ಟಲಿ ಎಂದು ನಾನು ಹೇಳಲಾರೆ. ಇಲ್ಲಿ ಬೇಕಿರುವುದು ಅಷ್ಟು ದುಬಾರಿಯ ಸಂಗತಿಯೂ ಅಲ್ಲ.

ಸರದಿ ಹಾಕಿದರೆ ಸಾಕು

ಬ್ರಿಟನ್ನಿನ ಪಶುವೈದ್ಯರ ವೃತ್ತಿ ಸಂಸ್ಥೆ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್‌ನ ನಿಯಮಾವಳಿ ಪ್ರಕಾರ, ವೃತ್ತಿಯಲ್ಲಿರುವ ಪ್ರತಿಯೊಬ್ಬ ಪಶುವೈದ್ಯರೂ 24 ಗಂಟೆ ತುರ್ತು ಪ್ರಥಮ ಚಿಕಿತ್ಸೆ ಮತ್ತು ನೋವು ಶಮನಕ್ಕೆ ವ್ಯವಸ್ಥೆ ಮಾಡಿರಬೇಕು. ಹಾಗೆಂದು ಎಲ್ಲರೂ ರಾತ್ರಿಯಿಡೀ ಅಂಗಡಿ ತೆರೆದು ಕೂರುವುದಿಲ್ಲ. ಅಕ್ಕಪಕ್ಕದ ಕ್ಲಿನಿಕ್‌ಗಳು ಸೇರಿ ಸರದಿ ಹಾಕಿಕೊಳ್ಳುತ್ತವೆ, ಇಲ್ಲವೇ ರಾತ್ರಿ ಕೆಲಸಕ್ಕೆಂದೇ ಇರುವ ಸಂಸ್ಥೆಗೆ ವಹಿಸುತ್ತವೆ. ತಮ್ಮ ಬಾಗಿಲು ಮುಚ್ಚಿದಾಗ ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಸುವುದೂ ಅವರದೇ ಕೆಲಸ.

ಡೊಂಬಿವಲಿ, ಕಲ್ಯಾಣದಲ್ಲಿ ಹಗಲು ಹೊತ್ತು ಪಶುವೈದ್ಯರ ಬರವಿಲ್ಲ. ಪೂರ್ವ-ಪಶ್ಚಿಮ ಎರಡೂ ಬದಿಯಲ್ಲಿ ಕ್ಲಿನಿಕ್‌ಗಳಿವೆ. ಏಳು ಕ್ಲಿನಿಕ್ ಒಪ್ಪಿದರೆ ಒಬ್ಬರಿಗೆ ವಾರಕ್ಕೆ ಒಂದು ರಾತ್ರಿ. ಯಾವ ರಾತ್ರಿ ಯಾರು ಎಂಬುದನ್ನು ಪಾಲಿಕೆ ತನ್ನ ವೆಬ್‌ಸೈಟ್‌ನಲ್ಲಿ ಹಾಕಿ, ಸಹಾಯವಾಣಿಯವರಿಗೆ ಒಂದು ಹಾಳೆ ಕೊಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ರಾತ್ರಿ ಶುಲ್ಕ ಹಗಲಿಗಿಂತ ಹೆಚ್ಚಿರಲಿ. ಚಿಕ್ಕಮ್ಮನ ಬಿಲ್ ಎಂಟು ಸಾವಿರದ ಹತ್ತಿರ ಬಂತು, ಅವರು ಗೊಣಗಿದ್ದು ಆಟೋದವನ ಬಗ್ಗೆ ಮಾತ್ರ.

ವೈದ್ಯರ ಕಷ್ಟವನ್ನೂ ಹೇಳಬೇಕು. ಒಬ್ಬರೇ ನಡೆಸುವ ಕ್ಲಿನಿಕ್‌ನಲ್ಲಿ ಬೆಳಿಗ್ಗೆಯಿಂದ ರಾತ್ರಿ ಒಂಬತ್ತರವರೆಗೆ ನಿಂತವರು ಹನ್ನೆರಡಕ್ಕೆ ಫೋನ್ ಎತ್ತಬೇಕೆಂದು ನಿರೀಕ್ಷಿಸುವುದು ಅನ್ಯಾಯ. ನಾಯಿ ಸತ್ತರೆ ರೊಚ್ಚಿಗೆದ್ದ ಮನೆಯವರನ್ನು ರಾತ್ರಿ ಒಬ್ಬರೇ ಎದುರಿಸುವುದು, ಅದರಲ್ಲೂ ಮಹಿಳಾ ವೈದ್ಯರಿಗೆ, ಸಣ್ಣ ವಿಷಯವಲ್ಲ. ಸರದಿ ಬೇಕಿರುವುದು ಅವರ ನಿದ್ದೆಗೂ ಹೌದು. ಸರದಿಯ ರಾತ್ರಿ ಪಾಲಿಕೆ ಒಬ್ಬ ಭದ್ರತಾ ಸಿಬ್ಬಂದಿಯನ್ನು ಕೊಟ್ಟರೆ ಮುಂದೆ ಬರುವವರು ಹೆಚ್ಚಾಗಬಹುದು.

ಇನ್ನೊಂದು ದೂರವಾಣಿಯದು. ಅಮೆರಿಕದಲ್ಲಿ ಪ್ರಾಣಿಗಳ ವಿಷಪ್ರಾಶನಕ್ಕೆಂದೇ ಎಎಸ್‌ಪಿಸಿಎ ಸಂಸ್ಥೆಯ ದಿನವಿಡೀ ತೆರೆದಿರುವ ಸಹಾಯವಾಣಿಯಿದೆ. ಶುಲ್ಕ ಪಡೆದು, ಯಾವ ಚಾಕೊಲೇಟ್, ಎಷ್ಟು ಗ್ರಾಂ, ನಾಯಿಯ ತೂಕ ಎಷ್ಟು ಎಂದು ಕೇಳಿ, ಆಸ್ಪತ್ರೆಗೆ ಓಡಬೇಕೋ ಮನೆಯಲ್ಲೇ ಗಮನಿಸಿದರೆ ಸಾಕೋ ಎಂದು ಹೇಳುತ್ತಾರೆ. ನಮ್ಮಲ್ಲಿ ದೆಹಲಿಯ ಏಮ್ಸ್‌ನಲ್ಲಿ 1995ರಿಂದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ 24 ಗಂಟೆಯೂ ನಡೆಯುತ್ತಿದೆ, ಅದು ಮನುಷ್ಯರಿಗೆ. ಪರೇಲ್‌ನ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಪಾಳಿಯಲ್ಲಿ ಕೂರಿಸಿ ಇಂಥದ್ದೊಂದು ಫೋನ್ ನಡೆಸುವುದು ಅಸಾಧ್ಯವೇನಲ್ಲ. ಹಾಲಿನ ಚಾಕೊಲೇಟಿನ ಎರಡು ತುಂಡು ತಿಂದ ಲ್ಯಾಬ್ರಡಾರ್ ಮಾಲೀಕರು ನೆಮ್ಮದಿಯಿಂದ ಮಲಗುತ್ತಾರೆ, ಕೋಕೋ ಪುಡಿ ನೆಕ್ಕಿದ ಪೊಮೇರಿಯನ್‌ನವರು ಹೊತ್ತು ಕಳೆಯದೆ ಹೊರಡುತ್ತಾರೆ.

ಕರ್ನಾಟಕದ ಓದುಗರು ಇದನ್ನು ಮುಂಬೈ ಕಡೆಯ ಕಥೆ ಎಂದು ಪಕ್ಕಕ್ಕಿಡಬೇಕಾಗಿಲ್ಲ. ಬೆಂಗಳೂರಿನಲ್ಲಿ ರಾತ್ರಿ ತೆರೆದಿರುವ ಖಾಸಗಿ ಪ್ರಾಣಿ ಆಸ್ಪತ್ರೆಗಳಿವೆ, ಆದರೆ ಜಿಲ್ಲಾ ಕೇಂದ್ರಗಳ ಹೊಸ ಬಡಾವಣೆಗಳಲ್ಲಿ ನಾಯಿ ಸಾಕಿದವರನ್ನು ಕೇಳಿ ನೋಡಿ. ಕರಾವಳಿಯವರಿಗೆ ಇನ್ನೊಂದು ಮಾತು. ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ಮೇಲೆ ಅಡಿಕೆ ತೋಟದ ನಡುವಿನ ಕೋಕೋಗೆ ಬೆಲೆ ಬಂತು. ಅಂಗಳದಲ್ಲಿ ಒಣಗಲು ಹಾಕುವ ಕೋಕೋ ಬೀಜದಲ್ಲೂ ಇದೇ ಥಿಯೋಬ್ರೋಮಿನ್ ಇದೆ, ಅದೂ ಸಿದ್ಧ ಚಾಕೊಲೇಟ್‌ಗಿಂತ ದಟ್ಟವಾಗಿ. ತೋಟದ ನಾಯಿಯನ್ನು ಅಲ್ಲಿಂದ ದೂರವಿಡುವುದು ಒಳ್ಳೆಯದು.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬೇಕಾದ್ದು

ವ್ಯವಸ್ಥೆ ಬರುವವರೆಗೆ ನಾಯಿ ಕಾಯುವುದಿಲ್ಲ. ಆ ರಾತ್ರಿ ಥಾಣೆಯ ವೈದ್ಯರು ಚಿಕ್ಕಮ್ಮನಿಗೆ ಮೊದಲು ಕೇಳಿದ್ದು ನಾಲ್ಕೇ ಪ್ರಶ್ನೆ: ಏನು ತಿಂದಿತು, ಎಷ್ಟು, ಎಷ್ಟು ಗಂಟೆಗೆ, ನಾಯಿಯ ತೂಕವೆಷ್ಟು. ಹಾಗಾಗಿ ಡಬ್ಬಿ, ಕಾಗದ, ಉಳಿದ ತುಂಡು ಏನಿದ್ದರೂ ಕವರಿಗೆ ಹಾಕಿಕೊಂಡು ಹೋಗಬೇಕು. ಕಾಗದವನ್ನೂ ನುಂಗಿದ್ದರೆ ಅದನ್ನೂ ಹೇಳಬೇಕು. ಚಾಕೊಲೇಟ್‌ನಲ್ಲಿ ಒಣದ್ರಾಕ್ಷಿ ಇದ್ದರೆ ತಪ್ಪದೆ ತಿಳಿಸಬೇಕು, ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಬೇರೆಯದೇ ವಿಷ. ಸಕ್ಕರೆರಹಿತ ಎಂದು ಬರೆದಿದ್ದರೆ ಅದರಲ್ಲಿ ಕ್ಸೈಲಿಟಾಲ್ ಇರಬಹುದು. ಅದು ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಕುಸಿಯುವಂತೆ ಮಾಡಬಲ್ಲದು, ಯಕೃತ್ತಿಗೂ ಹಾನಿ.

ಉಪ್ಪುನೀರು ಬೇಡವೇ ಬೇಡ. ಅದರಿಂದ ರಕ್ತದಲ್ಲಿ ಸೋಡಿಯಂ ಏರಿ, ಚಾಕೊಲೇಟ್‌ನಿಂದ ಸಾಯದ ನಾಯಿ ಉಪ್ಪಿನಿಂದ ಸಾಯಬಹುದು. ಗಂಟಲಿಗೆ ಬೆರಳು ಹಾಕುವುದೂ ಬೇಡ. ಹಾಲು, ಮೊಸರು ವಿಷವನ್ನು ತೆಗೆಯುವುದಿಲ್ಲ. ವೈದ್ಯರು ಫೋನಿನಲ್ಲಿ ಹೇಳದ ಹೊರತು ಮನೆಯಲ್ಲಿ ವಾಂತಿ ಮಾಡಿಸುವ ಸಾಹಸ ಯಾವುದೂ ಬೇಡ. ವಾಂತಿಯಾಗಿ ನಾಯಿ ಚೇತರಿಸಿಕೊಂಡಂತೆ ಕಂಡರೂ ನಂತರದ ಎರಡು-ಮೂರು ದಿನ ಊಟ, ಉಸಿರು, ನಡಿಗೆ ಗಮನಿಸಬೇಕು. ಕೊಬ್ಬಿನಿಂದಾಗಿ ಮೇದೋಜೀರಕ ಗ್ರಂಥಿ ಊದಿಕೊಳ್ಳುವುದು ತಡವಾಗಿಯೂ ಕಾಣಿಸಬಹುದು.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಹಬ್ಬಕ್ಕೆ ಮೊದಲೇ, ನಾಯಿ ಹುಷಾರಾಗಿರುವಾಗಲೇ, ಒಂದು ರಾತ್ರಿ ಹನ್ನೊಂದರ ಮೇಲೆ ನಾಲ್ಕು ಕ್ಲಿನಿಕ್‌ಗಳಿಗೆ ಫೋನ್ ಮಾಡಿ ನೋಡುವುದು. ಎತ್ತಿದರೆ "ಈಗ ಡಾಕ್ಟರ್ ಅಲ್ಲೇ ಇದ್ದಾರಾ, ವಾಂತಿ ಮಾಡಿಸುವ ಇಂಜೆಕ್ಷನ್ ಇದೆಯಾ" ಎಂದು ಕೇಳಬೇಕು. ನಕ್ಷೆಯಲ್ಲಿನ '24 ಗಂಟೆ' ಎಂಬ ಹಸಿರು ಅಕ್ಷರವನ್ನು ಯಾರೂ ಪರಿಶೀಲಿಸಿರುವುದಿಲ್ಲ. ಕನ್ನಡ ಸಂಘಗಳು ಈ ಕೆಲಸಕ್ಕೆ ಒಳ್ಳೆಯ ಜಾಗ. ಶಾಲೆಯನ್ನೇ ನಡೆಸುವ ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆಗಳಿಗೆ ಪರಿಶೀಲಿಸಿದ ಐದಾರು ಫೋನ್ ಸಂಖ್ಯೆಗಳ ಪಟ್ಟಿ ಹಂಚುವುದು ದೊಡ್ಡ ವಿಷಯವಲ್ಲ.

ಚಿಕ್ಕಮ್ಮನ ಫ್ರಿಜ್ ಮೇಲೆ ಈಗ ಅಂಥ ಒಂದು ಚೀಟಿಯಿದೆ. ಥಾಣೆಯ ಕ್ಲಿನಿಕ್, ರಾತ್ರಿ ಬರಲು ಒಪ್ಪಿದ ಒಬ್ಬ ಆಟೋದವನ ನಂಬರ್, ಕೆಳಗೆ ಬೊಗ್ಗನ ತೂಕ: 12 ಕೆ.ಜಿ. ಡೊಂಬಿವಲಿಯದ್ದೇ ಒಂದು ಸಂಖ್ಯೆಗೆಂದು ಮೇಲೆ ಒಂದು ಸಾಲು ಬಿಟ್ಟಿದ್ದಾರೆ. ಅದು ಇನ್ನೂ ಖಾಲಿ.